ಡೆನ್ಮಾರ್ಕಿನ ರಾಜವಂಶ: ಸಾವಿರ ವರ್ಷಗಳ ಸರಪಳಿ, ಅದರ ಕೊಂಡಿಗಳು



2024ರ ಜನವರಿ 14ರಂದು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ನಗರದಲ್ಲಿ ರಾಣಿ ಎರಡನೆಯ ಮಾರ್ಗರೇಟ್ ಒಂದು ಕಾಗದಕ್ಕೆ ಸಹಿ ಹಾಕಿ, ತಾವು ಕುಳಿತಿದ್ದ ಕುರ್ಚಿಯನ್ನು ಮಗನಿಗೆ ಬಿಟ್ಟುಕೊಟ್ಟು ಎದ್ದರು. ಆ ಕ್ಷಣದಿಂದ ಅವರ ಹಿರಿಯ ಮಗ ಹತ್ತನೆಯ ಫ್ರೆಡರಿಕ್ ದೊರೆಯಾದರು. ತಲೆಯ ಮೇಲೆ ಕಿರೀಟ ಇಡಲಿಲ್ಲ, ಅಭಿಷೇಕ ನಡೆಯಲಿಲ್ಲ. ಪ್ರಧಾನಮಂತ್ರಿ ಮೆಟ್ಟೆ ಫ್ರೆಡರಿಕ್ಸನ್ ಅವರು ಕ್ರಿಶ್ಚಿಯನ್ಸ್‌ಬೋರ್ಗ್ ಅರಮನೆಯ ಉಪ್ಪರಿಗೆಯಲ್ಲಿ ಹೊಸ ದೊರೆಯ ಪಕ್ಕದಲ್ಲಿ ನಿಂತು, ಕೆಳಗೆ ನೆರೆದಿದ್ದ ಜನರಿಗೆ ಸುದ್ದಿಯನ್ನು ಸಾರಿದರು. ಅಲ್ಲಿಗೆ ಪಟ್ಟವಾಯಿತು.

ಡೆನ್ಮಾರ್ಕಿನದು ಯುರೋಪಿನ ಅತ್ಯಂತ ಹಳೆಯ ರಾಜಮನೆತನಗಳಲ್ಲಿ ಒಂದು. ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಅಲ್ಲಿ ಒಂದೇ ವಂಶ ಕಡಿಯದೆ ಬಂದಿದೆ ಎಂದು ಹೇಳುವುದು ವಾಡಿಕೆ. ಈ ಮಾತು ನಿಜವೆ? ನಿಜವಾದರೆ ಯಾವ ಅರ್ಥದಲ್ಲಿ ನಿಜ? ಇತಿಹಾಸದ ವಿದ್ಯಾರ್ಥಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಒಂದು ಹಾಳೆಯನ್ನೂ ಒಂದು ಪೆನ್ಸಿಲನ್ನೂ ತೆಗೆದುಕೊಳ್ಳಿ. ಹಾಳೆಯ ಮೇಲ್ತುದಿಯಲ್ಲಿ ಈ ವಂಶದ ಮೊದಲ ದೊರೆ ಗೋರ್ಮನ ಹೆಸರು ಬರೆಯಿರಿ. ಕೆಳತುದಿಯಲ್ಲಿ ಹತ್ತನೆಯ ಫ್ರೆಡರಿಕ್ ಎಂದು ಬರೆಯಿರಿ. ನಮ್ಮ ಮನೆಗಳಲ್ಲಿ ವಂಶವೃಕ್ಷ ಬರೆಯುವಾಗ ಸಾಮಾನ್ಯವಾಗಿ ಮಾಡುವಂತೆ, ತಂದೆಯಿಂದ ಮಗನಿಗೆ, ಅವನಿಂದ ಅವನ ಮಗನಿಗೆ ಎಂದು ಗೆರೆ ಎಳೆಯುತ್ತ ಬನ್ನಿ. ಬಹಳ ದೂರ ಹೋಗುವ ಮೊದಲೇ ಪೆನ್ಸಿಲು ನಿಂತುಬಿಡುತ್ತದೆ. ಮುಂದಕ್ಕೆ ಎಳೆಯಬೇಕಾದರೆ ಮಗಳೊಬ್ಬಳ ಅಥವಾ ಸೋದರಿಯೊಬ್ಬಳ ಹೆಸರು ಬರೆಯಲೇಬೇಕು. ಅಂಥ ಕೊಂಡಿಗಳು ಯಾವುವು, ಅವುಗಳನ್ನು ಯಾರು, ಏಕೆ ಜೋಡಿಸಿದರು ಎಂಬುದೇ ಈ ಪಾಠದ ವಿಷಯ.

ಯೆಲಿಂಗ್‌ನ ಶಿಲೆಗಳು

ಡೆನ್ಮಾರ್ಕಿನ ಭೂಪಟವನ್ನು ನೋಡಿ. ಜರ್ಮನಿಯಿಂದ ಉತ್ತರಕ್ಕೆ ಚಾಚಿಕೊಂಡಿರುವ ಜಟ್ಲೆಂಡ್ ಪರ್ಯಾಯದ್ವೀಪ, ಅದರ ಪೂರ್ವಕ್ಕೆ ಚದುರಿದ ದ್ವೀಪಗಳು. ಈ ಜಟ್ಲೆಂಡಿನ ಯೆಲಿಂಗ್ ಎಂಬ ಸಣ್ಣ ಊರಿನ ಚರ್ಚಿನ ಮುಂದೆ ಎರಡು ಕಲ್ಲುಗಳಿವೆ. ಎರಡರ ಮೇಲೂ ರೂನಿಕ್ ಎಂಬ ಪ್ರಾಚೀನ ಲಿಪಿಯ ಶಾಸನಗಳಿವೆ. ಚಿಕ್ಕ ಕಲ್ಲನ್ನು ದೊರೆ ಗೋರ್ಮ್ ತನ್ನ ಹೆಂಡತಿ ಥೈರಾಳ ನೆನಪಿಗೆ ನಿಲ್ಲಿಸಿದ. ದೊಡ್ಡ ಕಲ್ಲನ್ನು ಸುಮಾರು 965ರಲ್ಲಿ ಅವರ ಮಗ ಹರಾಲ್ಡ್ ತನ್ನ ತಂದೆತಾಯಿಯರ ನೆನಪಿಗೆ ನಿಲ್ಲಿಸಿದ. ತಾನು ಇಡೀ ಡೆನ್ಮಾರ್ಕನ್ನೂ ನಾರ್ವೆಯನ್ನೂ ಗೆದ್ದುದಾಗಿಯೂ, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದುದಾಗಿಯೂ ಹರಾಲ್ಡ್ ಅದರಲ್ಲಿ ಹೇಳಿಕೊಂಡಿದ್ದಾನೆ. ದೇಶದ ಹೆಸರು ಅಲ್ಲಿ ಸ್ಪಷ್ಟವಾಗಿ ಕೆತ್ತಿರುವುದರಿಂದ ಈ ಕಲ್ಲನ್ನು ಡೆನ್ಮಾರ್ಕಿನ ಜನ್ಮಪತ್ರ ಎಂದು ಕರೆಯುತ್ತಾರೆ. ಯುನೆಸ್ಕೋ 1994ರಲ್ಲಿ ಈ ಸ್ಥಳವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಹರಾಲ್ಡನಿಗೆ 'ನೀಲಿ ಹಲ್ಲಿನವ' ಎಂಬ ಅಡ್ಡಹೆಸರಿತ್ತು. ಅದನ್ನು ಇಂಗ್ಲಿಷಿಗೆ ತಿರುಗಿಸಿದರೆ ಬ್ಲೂಟೂತ್. ನಿಮ್ಮ ಮೊಬೈಲ್ ಫೋನುಗಳಲ್ಲಿ ತಂತಿಯಿಲ್ಲದೆ ಹಾಡು, ಚಿತ್ರಗಳನ್ನು ಕಳಿಸುವ ವ್ಯವಸ್ಥೆಗೆ ಇಟ್ಟಿರುವುದು ಇದೇ ದೊರೆಯ ಹೆಸರು. ಅದರ ಚಿಹ್ನೆ ಅವನ ಹೆಸರಿನ ಎರಡು ರೂನಿಕ್ ಅಕ್ಷರಗಳನ್ನು ಕೂಡಿಸಿ ಮಾಡಿದ್ದು.

ಹರಾಲ್ಡನ ಮಗ ಸ್ವೇನ್ 1013ರಲ್ಲಿ ಇಂಗ್ಲೆಂಡನ್ನು ಗೆದ್ದ. ಸ್ವೇನನ ಮಗ ಕ್ನೂಟ್ 1016ರಿಂದ 1035ರವರೆಗೆ ಇಂಗ್ಲೆಂಡನ್ನು ಆಳಿದ. ಡೆನ್ಮಾರ್ಕ್ ಮತ್ತು ನಾರ್ವೆಗಳನ್ನೂ ತನ್ನ ಅಧೀನಕ್ಕೆ ತಂದುಕೊಂಡ. ಉತ್ತರ ಸಮುದ್ರದ ಸುತ್ತಲಿನ ನಾಡುಗಳೆಲ್ಲ ಒಂದು ಮನೆಯ ಕೈಗೆ ಬಂದಿದ್ದವು. ಆದರೆ 1042ರಲ್ಲಿ ಕ್ನೂಟನ ಮಗ ಹಾರ್ಡಿಕ್ನೂಟ್ ಮಕ್ಕಳಿಲ್ಲದೆ ತೀರಿಕೊಂಡ. ಡೆನ್ಮಾರ್ಕಿನ ಪಟ್ಟ ನಾರ್ವೆಯ ದೊರೆ ಮ್ಯಾಗ್ನಸ್‌ನ ಪಾಲಾಯಿತು. ನಿಮ್ಮ ಪೆನ್ಸಿಲು ಮೊದಲ ಸಲ ನಿಲ್ಲುವುದು ಇಲ್ಲಿ.

ತಾಯಿಯ ಹೆಸರಿನ ದೊರೆ

ಸ್ವೇನ್ ದೊರೆಗೆ ಎಸ್ಟ್ರಿಡ್ ಎಂಬ ಮಗಳಿದ್ದಳು. ಉಲ್ಫ್ ಎಂಬ ಸರದಾರನನ್ನು ಮದುವೆಯಾದ ಅವಳಿಗೆ ಒಬ್ಬ ಮಗನಿದ್ದ. ಅವನಿಗೂ ಅಜ್ಜನ ಹೆಸರೇ, ಸ್ವೇನ್. ಮ್ಯಾಗ್ನಸ್ 1047ರಲ್ಲಿ ತೀರಿಕೊಂಡಾಗ ಈ ಸ್ವೇನ್ ಡೆನ್ಮಾರ್ಕಿನ ದೊರೆಯಾದ. ಅವನಿಗೆ ಹಕ್ಕು ಬಂದದ್ದು ತಾಯಿಯಿಂದ. ಹಾಗಾಗಿ ಇತಿಹಾಸದಲ್ಲಿ ಅವನು ಉಳಿದದ್ದು ಸ್ವೇನ್ ಎಸ್ಟ್ರಿಡ್ಸನ್, ಅಂದರೆ ಎಸ್ಟ್ರಿಡ್‌ಳ ಮಗ ಸ್ವೇನ್ ಎಂಬ ಹೆಸರಿನಲ್ಲಿ. ಶಾತವಾಹನರ ಗೌತಮೀಪುತ್ರ ಶಾತಕರ್ಣಿಯನ್ನು ಓದಿರುವ ನಿಮಗೆ ತಾಯಿಯ ಹೆಸರು ಹೊತ್ತ ದೊರೆ ಹೊಸಬನೇನಲ್ಲ.

ಸ್ವೇನನ ಐವರು ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರಂತೆ ಪಟ್ಟವೇರಿದರು. ಅಣ್ಣನ ನಂತರ ತಮ್ಮ ದೊರೆಯಾದದ್ದನ್ನು ಗಮನಿಸಿ. ಆಗ ಹಿರಿಯ ಮಗನಿಗೇ ಪಟ್ಟ ಎಂಬ ಕಟ್ಟುನಿಟ್ಟಿನ ನಿಯಮವಿರಲಿಲ್ಲ. ರಾಜರಕ್ತ ಇರಬೇಕು, ಜೊತೆಗೆ ನಾಡಿನ ಪ್ರಮುಖರು ಒಪ್ಪಿ ಆರಿಸಬೇಕು. ಆರಿಸಿದವರು ಷರತ್ತನ್ನೂ ಹಾಕಬಹುದಿತ್ತು. ಐದನೆಯ ಎರಿಕ್ ದೊರೆ 1282ರಲ್ಲಿ ಸರದಾರರಿಗೆ ಒಂದು ಕರಾರುಪತ್ರ ಬರೆದುಕೊಡಬೇಕಾಯಿತು. ವರ್ಷಕ್ಕೊಮ್ಮೆ ಸಭೆ ಕರೆಯುವುದು, ವಿಚಾರಣೆಯಿಲ್ಲದೆ ಯಾರನ್ನೂ ಸೆರೆಗೆ ಹಾಕದಿರುವುದು ಅದರ ಮುಖ್ಯ ಅಂಶಗಳಾಗಿದ್ದವು. ಮುಂದಿನ ದೊರೆಗಳು ಪಟ್ಟಕ್ಕೆ ಬರುವಾಗ ಇಂಥ ಕರಾರುಪತ್ರ ಬರೆದುಕೊಡುವುದು ರೂಢಿಯಾಯಿತು.

'ಕಡಿಯದ ವಂಶ' ಎನ್ನುವವರು ಮರೆಯುವ ಒಂದು ಸಂಗತಿ ಇಲ್ಲಿದೆ. 1332ರಿಂದ 1340ರವರೆಗೆ ಡೆನ್ಮಾರ್ಕಿಗೆ ದೊರೆಯೇ ಇರಲಿಲ್ಲ. ಸಾಲ ತೀರಿಸಲಾಗದೆ ರಾಜ್ಯದ ಭಾಗಗಳನ್ನು ನೆರೆಯ ಹೋಲ್‌ಸ್ಟೈನಿನ ಪ್ರಭುಗಳಿಗೆ ಅಡವಿಟ್ಟಿದ್ದರು. 1340ರಲ್ಲಿ ಪಟ್ಟಕ್ಕೆ ಬಂದ ನಾಲ್ಕನೆಯ ವಾಲ್ಡೆಮಾರ್ ಸ್ವಲ್ಪ ಸ್ವಲ್ಪವಾಗಿ ರಾಜ್ಯವನ್ನು ಬಿಡಿಸಿಕೊಂಡ. ಅವನ ಗಂಡುಮಕ್ಕಳು ಯಾರೂ ಉಳಿಯಲಿಲ್ಲ. 1375ರಲ್ಲಿ ಅವನು ತೀರಿಕೊಂಡಾಗ ಬದುಕಿದ್ದವಳು ಕಿರಿಯ ಮಗಳೊಬ್ಬಳೆ. ಅವಳ ಹೆಸರು ಮಾರ್ಗರೇಟ್.

ಒಡತಿ ಮತ್ತು ಯಜಮಾನ

ಮಾರ್ಗರೇಟ್ ಹುಟ್ಟಿದ್ದು 1353ರಲ್ಲಿ. ಹತ್ತು ವರ್ಷದ ಬಾಲೆಯನ್ನು ನಾರ್ವೆಯ ದೊರೆ ಆರನೆಯ ಹಾಕೊನನಿಗೆ ಮದುವೆ ಮಾಡಿಕೊಟ್ಟರು. 1370ರಲ್ಲಿ ಅವಳಿಗೆ ಓಲುಫ್ ಎಂಬ ಮಗ ಹುಟ್ಟಿದ. ತಂದೆ ತೀರಿದಾಗ ಪಟ್ಟಕ್ಕೆ ಇನ್ನೊಬ್ಬ ಹಕ್ಕುದಾರನೂ ಇದ್ದ. ಅವನು ಮಾರ್ಗರೇಟಳ ತೀರಿಕೊಂಡಿದ್ದ ಅಕ್ಕ ಇಂಗೆಬೋರ್ಗ್‌ಳ ಮೊಮ್ಮಗನೋ ಮಗನೋ ಎಂಬ ಗೊಂದಲ ಬೇಡ, ಮಗನೇ. ಹಿರಿತನದ ಲೆಕ್ಕದಲ್ಲಿ ಅವನ ಹಕ್ಕೇ ಮೇಲು. ಆದರೆ ಮಾರ್ಗರೇಟ್ ರಾಜ್ಯಮಂಡಳಿಯ ಸರದಾರರನ್ನು ಒಲಿಸಿಕೊಂಡು 1376ರಲ್ಲಿ ಐದು ವರ್ಷದ ಓಲುಫ್‌ನನ್ನು ದೊರೆಯಾಗಿ ಆರಿಸಿಕೊಳ್ಳುವಂತೆ ಮಾಡಿದಳು. 1380ರಲ್ಲಿ ಗಂಡ ತೀರಿಕೊಂಡ ಮೇಲೆ ನಾರ್ವೆಯೂ ಮಗನಿಗೆ ಬಂತು. ಆಡಳಿತ ನಡೆಸುತ್ತಿದ್ದವಳು ತಾಯಿ.

1387ರಲ್ಲಿ ಓಲುಫ್ ಹದಿನಾರನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸತ್ತ. ಗಂಡ, ತಂದೆ, ಮಗ ಮೂವರನ್ನೂ ಕಳೆದುಕೊಂಡ ಮೂವತ್ತನಾಲ್ಕರ ವಿಧವೆ ಮಠ ಸೇರಬೇಕೆಂದೋ ತೆರೆಮರೆಗೆ ಸರಿಯಬೇಕೆಂದೋ ಆ ಕಾಲ ನಿರೀಕ್ಷಿಸುತ್ತಿತ್ತು. ಆದರೆ ಡೆನ್ಮಾರ್ಕಿನ ಪ್ರಮುಖರು ಕೆಲವೇ ದಿನಗಳಲ್ಲಿ ಅವಳನ್ನೇ ಆರಿಸಿದರು. ಹೆಣ್ಣೊಬ್ಬಳು ತಾನೇ ಆಳುವುದಕ್ಕೆ ಆ ನಾಡಿನಲ್ಲಿ ಒಂದು ಪದವಿಯ ಹೆಸರು ಕೂಡ ಇರಲಿಲ್ಲ. ಹೊಸದೊಂದನ್ನು ಹೊಂದಿಸಿಕೊಂಡರು: ರಾಜ್ಯದ ಸರ್ವಾಧಿಕಾರವುಳ್ಳ ಒಡತಿ, ಯಜಮಾನ ಮತ್ತು ಪಾಲಕಿ. ಒಡತಿಯೂ ಹೌದು, ಯಜಮಾನನೂ ಹೌದು! ಭಾಷೆಯಲ್ಲಿ ಮಾತಿಲ್ಲದ ಕಡೆ ಆ ಜನ ಎರಡು ಮಾತುಗಳನ್ನು ಕೂಡಿಸಿ ಕೆಲಸ ನಡೆಸಿದರು.

ಮಾರ್ಗರೇಟ್ 1389ರಲ್ಲಿ ಸ್ವೀಡನ್ನಿನ ದೊರೆಯನ್ನು ಸೋಲಿಸಿ ಸೆರೆಹಿಡಿದಳು. ಅಕ್ಕನ ಮಗಳ ಮಗನಾದ ಎರಿಕನನ್ನು ಸಾಕಿ ಉತ್ತರಾಧಿಕಾರಿಯಾಗಿ ಬೆಳೆಸಿದಳು. 1397ರಲ್ಲಿ ಕಾಲ್ಮಾರ್ ಪಟ್ಟಣದಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರೂ ರಾಜ್ಯಗಳ ಒಬ್ಬನೇ ದೊರೆಯಾಗಿ ಎರಿಕನಿಗೆ ಕಿರೀಟಧಾರಣೆಯಾಯಿತು. ಇದೇ ಕಾಲ್ಮಾರ್ ಒಕ್ಕೂಟ. 1412ರಲ್ಲಿ ತೀರಿಕೊಳ್ಳುವವರೆಗೂ ಅದರ ನಿಜವಾದ ಸೂತ್ರ ಮಾರ್ಗರೇಟಳ ಕೈಯಲ್ಲೇ ಇತ್ತು. ಸ್ವೀಡನ್ 1523ರಲ್ಲಿ ಒಕ್ಕೂಟದಿಂದ ಹೊರಬಿದ್ದರೂ, ಆ ನೆನಪಿನ ಮೂರು ಕಿರೀಟಗಳ ಗುರುತು ಡೆನ್ಮಾರ್ಕಿನ ರಾಜಲಾಂಛನದಲ್ಲಿ 2024ರ ಕೊನೆಯವರೆಗೂ ಉಳಿದಿತ್ತು. ಹತ್ತನೆಯ ಫ್ರೆಡರಿಕ್ ಅದನ್ನು ತೆಗೆಸಿ, ಗ್ರೀನ್‌ಲೆಂಡಿನ ಹಿಮಕರಡಿಗೂ ಫೆರೋ ದ್ವೀಪಗಳ ಟಗರಿಗೂ ಲಾಂಛನದಲ್ಲಿ ಹೆಚ್ಚಿನ ಸ್ಥಾನ ಕೊಟ್ಟರು.

ಓಲ್ಡನ್‌ಬರ್ಗ್ ಮನೆತನ

ಎರಿಕನನ್ನು 1439ರಲ್ಲಿ ಪಟ್ಟದಿಂದ ಇಳಿಸಿದರು. ಅವನ ಸೋದರಿಯ ಮಗ ಕ್ರಿಸ್ಟೋಫರ್ ಬಂದ. 1448ರಲ್ಲಿ ಅವನೂ ಮಕ್ಕಳಿಲ್ಲದೆ ತೀರಿಕೊಂಡ. ಪೆನ್ಸಿಲು ಮತ್ತೆ ನಿಂತಿತು. ರಾಜ್ಯಮಂಡಳಿ ಈ ಬಾರಿ ದಕ್ಷಿಣದ ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಸೀಮೆಗಳ ಪ್ರಭು ಅಡಾಲ್ಫನ ಬಾಗಿಲು ತಟ್ಟಿತು. ಅವನು ತನಗೆ ಬೇಡವೆಂದು, ತನ್ನ ಸೋದರಳಿಯನನ್ನು ತೋರಿಸಿದ. ಅವನೇ ಜರ್ಮನಿಯ ಓಲ್ಡನ್‌ಬರ್ಗ್ ಎಂಬ ಸಣ್ಣ ಸಂಸ್ಥಾನದ ಕ್ರಿಶ್ಚಿಯನ್. ತಾಯಿಯ ಕಡೆಯಿಂದ ಅವನಲ್ಲಿ ಡೆನ್ಮಾರ್ಕಿನ ಹಳೆಯ ರಾಜರಕ್ತವಿತ್ತು. 1448ರಲ್ಲಿ ಆಯ್ಕೆಯಾದ ಅವನು ಮರುವರ್ಷ ಹಿಂದಿನ ದೊರೆಯ ವಿಧವೆ ಡೊರೊಥಿಯಾಳನ್ನು ಮದುವೆಯಾದ. ಇಂದಿನ ರಾಜಮನೆತನ ಈ ಒಂದನೆಯ ಕ್ರಿಶ್ಚಿಯನ್ನನ ಸಂತತಿ.

ಅವನ ಮಗಳ ಮದುವೆಯ ಕಥೆಯೊಂದು ಸ್ವಾರಸ್ಯವಾಗಿದೆ. 1469ರಲ್ಲಿ ಆಕೆಯನ್ನು ಸ್ಕಾಟ್ಲೆಂಡಿನ ದೊರೆ ಮೂರನೆಯ ಜೇಮ್ಸ್‌ಗೆ ಕೊಟ್ಟರು. ವರದಕ್ಷಿಣೆಯ ಹಣ ಹೊಂದಿಸಲಾಗದೆ, ಆಗ ನಾರ್ವೆಗೆ ಸೇರಿದ್ದ ಓರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಗಳನ್ನು ಅಡವಿಟ್ಟರು. ಹಣ ಕೊಡಲು ಆಗಲೇ ಇಲ್ಲ. ದ್ವೀಪಗಳು ಸ್ಕಾಟ್ಲೆಂಡಿನ ಪಾಲಾದವು, ಇಂದಿಗೂ ಬ್ರಿಟನ್ನಿನಲ್ಲಿವೆ. ಮಗಳಿಗೆ ಪಟ್ಟದ ಹಕ್ಕು ಕೊಡಲು ಹಿಂಜರಿಯುವ ಕಾಲ, ಮಗಳ ಮದುವೆಯಲ್ಲಿ ರಾಜ್ಯದ ಭಾಗವನ್ನೇ ಒತ್ತೆಯಿಡಲು ಹಿಂಜರಿಯಲಿಲ್ಲ.

1513ರಲ್ಲಿ ಎರಡನೆಯ ಕ್ರಿಶ್ಚಿಯನ್ ಪಟ್ಟವೇರಿದಂದಿನಿಂದ 1972ರವರೆಗೆ ಡೆನ್ಮಾರ್ಕಿನ ದೊರೆಗಳ ಹೆಸರುಗಳನ್ನು ನೆನಪಿಡುವುದು ಸುಲಭ. ಒಬ್ಬ ಕ್ರಿಶ್ಚಿಯನ್ ಆದರೆ ಮುಂದಿನವ ಫ್ರೆಡರಿಕ್, ಅವನ ನಂತರ ಮತ್ತೆ ಕ್ರಿಶ್ಚಿಯನ್. ಸಾಲು ತಪ್ಪಲಿಲ್ಲ. ಹೆಸರುಗಳ ಈ ಸರದಿ ಎಷ್ಟು ಶಾಂತವಾಗಿ ಕಾಣುತ್ತದೆ! ಆದರೆ ಎರಡನೆಯ ಕ್ರಿಶ್ಚಿಯನ್ನನನ್ನೇ 1523ರಲ್ಲಿ ಹೊರಹಾಕಿ ಅವನ ಚಿಕ್ಕಪ್ಪನನ್ನು ತಂದರು. ಅವನು ಉಳಿದ ಬಾಳಿನ ಬಹುಪಾಲನ್ನು ಸೆರೆಯಲ್ಲಿ ಕಳೆದು 1559ರಲ್ಲಿ ತೀರಿಕೊಂಡ.

ಈ ದೊರೆಗಳಿಗೂ ಭಾರತಕ್ಕೂ ನೇರ ಸಂಬಂಧವುಂಟು. ನಾಲ್ಕನೆಯ ಕ್ರಿಶ್ಚಿಯನ್ನನ ಕಾಲದಲ್ಲಿ, 1620ರಲ್ಲಿ, ತಂಜಾವೂರಿನ ರಘುನಾಥ ನಾಯಕನ ಒಪ್ಪಿಗೆ ಪಡೆದು ಡೇನರು ತರಂಗಂಬಾಡಿಯಲ್ಲಿ ಕೋಟೆ ಕಟ್ಟಿದರು. ಬಂಗಾಳದ ಶ್ರೀರಾಂಪುರದಲ್ಲಿ 1755ರಲ್ಲಿ ಇನ್ನೊಂದು ನೆಲೆ ಮಾಡಿಕೊಂಡು, ದೊರೆ ಐದನೆಯ ಫ್ರೆಡರಿಕ್‌ನ ಹೆಸರಿನಲ್ಲಿ ಅದನ್ನು ಫ್ರೆಡರಿಕ್ಸ್‌ನಗರವೆಂದು ಕರೆದರು. ಈಸ್ಟ್ ಇಂಡಿಯಾ ಕಂಪೆನಿ ತನ್ನ ಸೀಮೆಯಲ್ಲಿ ಮಿಷನರಿಗಳಿಗೆ ಎಡೆಗೊಡದಿದ್ದಾಗ ವಿಲಿಯಂ ಕೇರಿ ಮತ್ತು ಸಂಗಡಿಗರು 1800ರಲ್ಲಿ ನೆಲೆಸಿದ್ದು ಡೇನರ ಈ ಊರಿನಲ್ಲಿ. ಅಲ್ಲಿನ ಮಿಷನ್ ಮುದ್ರಣಾಲಯದಲ್ಲಿ 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಕನ್ನಡಕ್ಕೆ ಸಂಬಂಧಿಸಿದ ಅತಿ ಹಳೆಯ ಮುದ್ರಿತ ಪುಸ್ತಕಗಳಲ್ಲಿ ಅದೊಂದು. ಶ್ರೀರಾಂಪುರದ ಕಾಲೇಜಿಗೆ 1827ರಲ್ಲಿ ಸನ್ನದು ಕೊಟ್ಟವನು ಡೆನ್ಮಾರ್ಕಿನ ಆರನೆಯ ಫ್ರೆಡರಿಕ್. 1845ರಲ್ಲಿ ಡೇನರು ಈ ಎರಡೂ ಊರುಗಳನ್ನು ಇಂಗ್ಲಿಷರಿಗೆ ಮಾರಿದರು.

ಆಯ್ಕೆಯಿಂದ ಹಕ್ಕಿಗೆ, ಹಕ್ಕಿನಿಂದ ಸಂವಿಧಾನಕ್ಕೆ

ಮತ್ತೆ ವಂಶವೃಕ್ಷಕ್ಕೆ ಬರೋಣ. 1658ರಿಂದ 1660ರವರೆಗೆ ಸ್ವೀಡನ್ನಿನ ಸೈನ್ಯ ಕೋಪನ್‌ಹೇಗನ್ನನ್ನು ಮುತ್ತಿಗೆ ಹಾಕಿತ್ತು. ದೊರೆ ಮೂರನೆಯ ಫ್ರೆಡರಿಕ್ ಊರು ಬಿಟ್ಟು ಓಡದೆ ಪಟ್ಟಣಿಗರೊಂದಿಗೆ ನಿಂತ. ಯುದ್ಧದ ನಂತರ ಬೊಕ್ಕಸ ಬರಿದಾಗಿತ್ತು. ತೆರಿಗೆ ಕೊಡಲು ಸರದಾರರು ಒಪ್ಪಲಿಲ್ಲ. ಬೇಸತ್ತ ಪಟ್ಟಣಿಗರೂ ಪಾದ್ರಿಗಳೂ 1660ರಲ್ಲಿ ದೊರೆಯ ಪಕ್ಷ ವಹಿಸಿ ಪಟ್ಟವನ್ನು ವಂಶಪಾರಂಪರ್ಯವಾಗಿ ಅವನ ಮನೆಗೆ ಒಪ್ಪಿಸಿದರು. ಆಯ್ಕೆ ಹೋಯಿತು, ಕರಾರುಪತ್ರವೂ ಹೋಯಿತು. ನಿರಂಕುಶ ಪ್ರಭುತ್ವ ಬಂತು.

1665ರ 'ರಾಜಶಾಸನ' ಅದಕ್ಕೆ ಕಾನೂನಿನ ರೂಪ ಕೊಟ್ಟಿತು. ದೊರೆ ಲೂಥರನ ಕ್ರೈಸ್ತ ಮತವನ್ನು ಪಾಲಿಸಬೇಕು, ರಾಜ್ಯವನ್ನು ಒಡೆಯಬಾರದು, ಈ ಶಾಸನವನ್ನು ಬದಲಿಸಬಾರದು. ಇವನ್ನು ಬಿಟ್ಟರೆ ಅವನಿಗೆ ಬೇರೆ ಕಟ್ಟಳೆಯಿಲ್ಲ. ಇಂಥ ಶಾಸನದಲ್ಲೂ ಒಂದು ಬಾಗಿಲು ತೆರೆದಿತ್ತು. ಗಂಡುಸಂತತಿ ಪೂರ್ತಿ ಮುಗಿದರೆ ಹೆಣ್ಣಿನ ಕಡೆಯವರಿಗೆ ಪಟ್ಟ ಹೋಗಬಹುದೆಂದು ಅದು ಹೇಳಿತ್ತು.

ನಿರಂಕುಶ ಪ್ರಭುತ್ವ ಸುಮಾರು ಎರಡು ಶತಮಾನ ನಡೆಯಿತು. ಒಬ್ಬನ ಕೈಯಲ್ಲಿ ಎಲ್ಲ ಅಧಿಕಾರವಿದ್ದು, ಆ ಒಬ್ಬನಿಗೇ ಬುದ್ಧಿ ಸ್ವಾಧೀನದಲ್ಲಿಲ್ಲದಿದ್ದರೆ? ಏಳನೆಯ ಕ್ರಿಶ್ಚಿಯನ್ನನ ಕಾಲದಲ್ಲಿ ಅದೇ ಆಯಿತು. ಮಾನಸಿಕ ಅಸ್ವಸ್ಥನಾಗಿದ್ದ ದೊರೆಯ ವೈದ್ಯ ಸ್ಟ್ರುಯೆನ್ಸೆ ಎಂಬವನು ಒಂದೂವರೆ ವರ್ಷದಷ್ಟು ಕಾಲ ದೇಶವನ್ನೇ ಆಳಿ, 1772ರಲ್ಲಿ ಶಿರಚ್ಛೇದಕ್ಕೆ ಗುರಿಯಾದ. 1848ರಲ್ಲಿ ಯುರೋಪಿನಾದ್ಯಂತ ಕ್ರಾಂತಿಯ ಗಾಳಿ ಬೀಸಿದಾಗ ಏಳನೆಯ ಫ್ರೆಡರಿಕ್ ರಕ್ತಪಾತವಿಲ್ಲದೆ ಪೂರ್ಣಾಧಿಕಾರವನ್ನು ಬಿಟ್ಟುಕೊಟ್ಟ. 1849ರ ಜೂನ್ 5ರಂದು ಡೆನ್ಮಾರ್ಕಿಗೆ ಸಂವಿಧಾನ ಬಂತು. ದೊರೆಯ ಪಟ್ಟಾಭಿಷೇಕದ ಧಾರ್ಮಿಕ ವಿಧಿ ಅಲ್ಲಿಂದ ನಿಂತಿತು.

ಯುರೋಪಿನ ಮಾವ

ಏಳನೆಯ ಫ್ರೆಡರಿಕನಿಗೆ ಮಕ್ಕಳಿರಲಿಲ್ಲ. ಯಾರಿಗೆ ಪಟ್ಟ ಎಂಬುದು ಯುರೋಪಿನ ದೊಡ್ಡ ರಾಷ್ಟ್ರಗಳ ತಲೆನೋವಾಯಿತು. ರಾಜಶಾಸನದಂತೆ ಡೆನ್ಮಾರ್ಕಿನಲ್ಲಿ ಹೆಣ್ಣಿನ ಕಡೆಯವರಿಗೆ ಹಕ್ಕುಂಟು. ಅದೇ ದೊರೆಯ ಅಧೀನದಲ್ಲಿದ್ದ ಹೋಲ್‌ಸ್ಟೈನ್ ಸೀಮೆಯಲ್ಲಿ ಗಂಡಿನ ಕಡೆಯವರಿಗೆ ಮಾತ್ರ ಹಕ್ಕೆಂಬ ವಾದವಿತ್ತು. ಕೊನೆಗೆ 1852ರಲ್ಲಿ ಲಂಡನ್ನಿನಲ್ಲಿ ಒಪ್ಪಂದವಾಗಿ ಗ್ಲುಕ್ಸ್‌ಬೋರ್ಗ್ ಕವಲಿನ ರಾಜಕುಮಾರ ಕ್ರಿಶ್ಚಿಯನ್‌ನನ್ನು ಆರಿಸಲಾಯಿತು. ಅವನು ಓಲ್ಡನ್‌ಬರ್ಗ್ ವಂಶದ ದೂರದ ದಾಯಾದಿ. ಅವನ ಹೆಂಡತಿ ಲೂಯಿಸಾ ಹಿಂದಿನ ದೊರೆ ಎಂಟನೆಯ ಕ್ರಿಶ್ಚಿಯನ್ನನ ಸೋದರಿಯ ಮಗಳು. ಹತ್ತಿರದ ಹಕ್ಕು ಇದ್ದದ್ದು ಅವಳ ಕಡೆಗೆ. ಅವಳು ಅದನ್ನು ಗಂಡನಿಗೆ ಬಿಟ್ಟುಕೊಟ್ಟಳು. ಆಮೇಲೆ ನಡೆದದ್ದನ್ನು ಗಮನಿಸಿ: 1853ರ ಉತ್ತರಾಧಿಕಾರದ ಕಾನೂನು, ಇನ್ನು ಮುಂದೆ ಗಂಡುಸಂತತಿಗೆ ಮಾತ್ರ ಪಟ್ಟ ಎಂದು ವಿಧಿಸಿತು. ಹೆಣ್ಣಿನ ಹಕ್ಕಿನ ಬಲದಿಂದ ಒಳಗೆ ಬಂದ ಮನೆತನ, ಬಂದ ಬಾಗಿಲನ್ನೇ ಮುಚ್ಚಿಕೊಂಡಿತು.

1863ರಲ್ಲಿ ಈತ ಒಂಬತ್ತನೆಯ ಕ್ರಿಶ್ಚಿಯನ್ ಎಂಬ ಹೆಸರಿನಲ್ಲಿ ಪಟ್ಟಕ್ಕೆ ಬಂದ. ಮರುವರ್ಷವೇ ಪ್ರಷ್ಯ ಮತ್ತು ಆಸ್ಟ್ರಿಯಗಳೊಡನೆ ಯುದ್ಧದಲ್ಲಿ ಸೋತು ಶ್ಲೆಸ್ವಿಗ್, ಹೋಲ್‌ಸ್ಟೈನ್ ಸೀಮೆಗಳನ್ನು ಕಳೆದುಕೊಂಡ. ನೆಲ ಕಳೆದುಕೊಂಡ ಈ ದೊರೆಗೆ ಮಕ್ಕಳ ಭಾಗ್ಯ ಮಾತ್ರ ಅಪಾರ. ಒಬ್ಬ ಮಗಳು ಅಲೆಕ್ಸಾಂಡ್ರಾ ಇಂಗ್ಲೆಂಡಿನ ಏಳನೆಯ ಎಡ್ವರ್ಡನ ರಾಣಿ. ಇನ್ನೊಬ್ಬಳು ಡಾಗ್ಮಾರ್ ರಷ್ಯದ ಚಕ್ರವರ್ತಿ ಮೂರನೆಯ ಅಲೆಕ್ಸಾಂಡರನ ಪತ್ನಿ, ಕೊನೆಯ ಚಕ್ರವರ್ತಿ ಎರಡನೆಯ ನಿಕೊಲಸನ ತಾಯಿ. ಒಬ್ಬ ಮಗ 1863ರಲ್ಲೇ ಗ್ರೀಸಿನ ದೊರೆ ಒಂದನೆಯ ಜಾರ್ಜ್ ಆದ. ಮೊಮ್ಮಗನೊಬ್ಬ 1905ರಲ್ಲಿ ಸ್ವತಂತ್ರ ನಾರ್ವೆಯ ದೊರೆ ಏಳನೆಯ ಹಾಕೊನ್ ಆದ. ಜನ ತನ್ನನ್ನು ಬಯಸುತ್ತಾರೆಯೇ ಎಂದು ಮತ ಕೇಳಿದ ಮೇಲೆಯೇ ಬರುವೆನೆಂದು ಅವನು ಪಟ್ಟುಹಿಡಿದಿದ್ದ. ಕೊಟ್ಟು ತಂದು ಇಡೀ ಖಂಡಕ್ಕೇ ಬೀಗನಾದ ಈ ದೊರೆಯನ್ನು 'ಯುರೋಪಿನ ಮಾವ' ಎಂದು ಕರೆದರು. ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಮತ್ತು ಅವರ ಪತಿ ಫಿಲಿಪ್ ಇಬ್ಬರೂ ಒಂಬತ್ತನೆಯ ಕ್ರಿಶ್ಚಿಯನ್ನನ ಸಂತತಿಯವರು. ಅವರ ಮಗ ಮೂರನೆಯ ಚಾರ್ಲ್ಸ್ ತಂದೆಯ ಕಡೆಯಿಂದ ಗ್ಲುಕ್ಸ್‌ಬೋರ್ಗ್ ಕವಲಿಗೇ ಸೇರುತ್ತಾರೆ.

ಸಂಬಂಧಗಳು ಮನೆತನಕ್ಕೆ ಕೀರ್ತಿ ತಂದವು. ಪಟ್ಟ ಉಳಿಸಿದ್ದು ಬೇರೆಯದೇ ಪಾಠ. ಹತ್ತನೆಯ ಕ್ರಿಶ್ಚಿಯನ್ 1920ರಲ್ಲಿ ಗಡಿಯ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ತಮ್ಮ ಸಚಿವ ಸಂಪುಟವನ್ನು ವಜಾ ಮಾಡಿದರು. ದೇಶದಲ್ಲಿ ಕೋಲಾಹಲವೆದ್ದು, ಗಣರಾಜ್ಯ ಬೇಕೆಂಬ ಕೂಗೂ ಕೇಳಿಬಂತು. ದೊರೆ ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಅಂದಿನಿಂದ ಡೆನ್ಮಾರ್ಕಿನ ಯಾವ ಅರಸರೂ ಚುನಾಯಿತ ಸರ್ಕಾರಕ್ಕೆ ಎದುರು ನಿಲ್ಲಲಿಲ್ಲ. ಅದೇ ಹತ್ತನೆಯ ಕ್ರಿಶ್ಚಿಯನ್, 1940ರಲ್ಲಿ ಜರ್ಮನಿ ದೇಶವನ್ನು ಆಕ್ರಮಿಸಿದ ಮೇಲೆ, ಅಂಗರಕ್ಷಕರಿಲ್ಲದೆ ಕುದುರೆಯೇರಿ ರಾಜಧಾನಿಯ ಬೀದಿಗಳಲ್ಲಿ ಸಂಚರಿಸಿ ಜನರಿಗೆ ಧೈರ್ಯದ ಗುರುತಾದರು. ಯೆಹೂದ್ಯರ ಹಳದಿ ನಕ್ಷತ್ರವನ್ನು ದೊರೆಯೂ ಧರಿಸಿದರೆಂಬ ಕಥೆಯನ್ನು ನೀವು ಓದಿರಬಹುದು. ಅದು ಕಥೆ ಮಾತ್ರ. ಡೆನ್ಮಾರ್ಕಿನಲ್ಲಿ ಯೆಹೂದ್ಯರ ಮೇಲೆ ಆ ನಕ್ಷತ್ರವನ್ನು ಹೇರಿರಲೇ ಇಲ್ಲ. 1943ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಯೆಹೂದ್ಯರನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ಸಾಗಿಸಿ ಉಳಿಸಿದ್ದು ಮಾತ್ರ ನಿಜ. ಆ ಕೆಲಸ ಮಾಡಿದವರು ಬೆಸ್ತರು, ವೈದ್ಯರು, ವಿದ್ಯಾರ್ಥಿಗಳು, ಸಾಮಾನ್ಯ ಜನ.

ಮಗಳಿಗಾಗಿ ಮತದಾನ

1947ರಲ್ಲಿ ಒಂಬತ್ತನೆಯ ಫ್ರೆಡರಿಕ್ ದೊರೆಯಾದರು. ಅವರಿಗೆ ಮೂವರು ಹೆಣ್ಣುಮಕ್ಕಳು. ಹಿರಿಯಳಾದ ಮಾರ್ಗರೇಟ್ ಹುಟ್ಟಿದ್ದು 1940ರ ಏಪ್ರಿಲ್ 16ರಂದು, ಜರ್ಮನ್ ಸೈನ್ಯ ಒಳನುಗ್ಗಿದ ಒಂದು ವಾರಕ್ಕೆ. 1853ರ ಕಾನೂನಿನ ಪ್ರಕಾರ ಈ ಮೂವರಲ್ಲಿ ಯಾರಿಗೂ ಪಟ್ಟವಿಲ್ಲ. ದೊರೆಯ ತಮ್ಮ ಕ್ನೂಡ್ ಉತ್ತರಾಧಿಕಾರಿ.

ಯುದ್ಧಾನಂತರ ಹೊಸ ಸಂವಿಧಾನದ ಕೆಲಸ ನಡೆಯಿತು. ಸಂಸತ್ತಿನ ಮೇಲ್ಮನೆಯನ್ನು ರದ್ದುಪಡಿಸುವ ಪ್ರಸ್ತಾಪದ ಜೊತೆಗೆ ಹೆಣ್ಣುಮಕ್ಕಳಿಗೆ ಪಟ್ಟದ ಹಕ್ಕು ಕೊಡುವ ಪ್ರಸ್ತಾಪವೂ ಸೇರಿತು. ಡೆನ್ಮಾರ್ಕಿನಲ್ಲಿ ಸಂವಿಧಾನ ಬದಲಾಗಬೇಕಾದರೆ ಸಂಸತ್ತು ಒಪ್ಪಿದರೆ ಸಾಲದು, ಜನಮತಗಣನೆಯಾಗಬೇಕು. ಆಗಿನ ನಿಯಮದಂತೆ ಮತ ಹಾಕಿದವರಲ್ಲಿ ಬಹುಮತ ಬಂದರೂ ಸಾಲದು. ದೇಶದ ಒಟ್ಟು ಮತದಾರರಲ್ಲಿ ಶೇಕಡ 45 ಮಂದಿ ಒಪ್ಪಬೇಕು. 1939ರಲ್ಲಿ ಬೇರೊಂದು ತಿದ್ದುಪಡಿ ಈ ಗೆರೆಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಬಿದ್ದುಹೋಗಿತ್ತು. 1953ರ ಮೇ 28ರಂದು ಮತದಾನವಾಯಿತು. ಒಪ್ಪಿದವರು ಒಟ್ಟು ಮತದಾರರಲ್ಲಿ ಸುಮಾರು ಶೇಕಡ 45.8. ನೂರರಲ್ಲಿ ಒಬ್ಬರು ಮನೆಯಲ್ಲೇ ಉಳಿದಿದ್ದರೆ ಮಾರ್ಗರೇಟ್ ರಾಣಿಯಾಗುತ್ತಿರಲಿಲ್ಲ! ಹದಿಮೂರು ವರ್ಷದ ಹುಡುಗಿಯ ಭವಿಷ್ಯ ಇಷ್ಟು ತೆಳುವಾದ ಎಳೆಯ ಮೇಲೆ ನಿಂತಿತ್ತು.

1972ರ ಜನವರಿ 14ರಂದು ತಂದೆ ತೀರಿಕೊಂಡಾಗ ಆಕೆ ರಾಣಿಯಾದರು. ತಮ್ಮನ್ನು ಎರಡನೆಯ ಮಾರ್ಗರೇಟ್ ಎಂದು ಕರೆದುಕೊಂಡರು. 'ಒಡತಿ ಮತ್ತು ಯಜಮಾನ' ಎಂಬ ವಿಚಿತ್ರ ಪದವಿಯಲ್ಲಿದ್ದ ಆ ಹಿಂದಿನ ಮಾರ್ಗರೇಟಳನ್ನು ಒಂದನೆಯವಳೆಂದು ಗೌರವದಿಂದ ಎಣಿಸಿದ ಹಾಗಾಯಿತು. 1953ರ ಕಾನೂನಿನಲ್ಲೂ ಒಂದು ಕೊರತೆ ಉಳಿದಿತ್ತು. ತಮ್ಮ ಹುಟ್ಟಿದರೆ ಅಕ್ಕ ಹಿಂದೆ ಸರಿಯಬೇಕಿತ್ತು. 2009ರ ಜೂನ್ 7ರಂದು ನಡೆದ ಇನ್ನೊಂದು ಜನಮತಗಣನೆಯಲ್ಲಿ ಸಿಂಧುವಾದ ಮತಗಳಲ್ಲಿ ಶೇಕಡ 85ರಷ್ಟು ಜನ ಅದನ್ನೂ ತೆಗೆದುಹಾಕಿದರು. ಈಗ ಹಿರಿಯ ಮಗುವಿಗೇ ಹಕ್ಕು, ಗಂಡಾಗಲಿ ಹೆಣ್ಣಾಗಲಿ. ಹತ್ತನೆಯ ಫ್ರೆಡರಿಕ್ ಮತ್ತು ಆಸ್ಟ್ರೇಲಿಯದಲ್ಲಿ ಹುಟ್ಟಿದ ರಾಣಿ ಮೇರಿಯ ಹಿರಿಯ ಮಗ, 2005ರಲ್ಲಿ ಜನಿಸಿದ ಕ್ರಿಶ್ಚಿಯನ್ ಇಂದಿನ ಯುವರಾಜ. ಅವನ ನಂತರದ ಸ್ಥಾನ 2007ರಲ್ಲಿ ಹುಟ್ಟಿದ ತಂಗಿ ಇಸಬೆಲ್ಲಾಳದು. 2011ರಲ್ಲಿ ಹುಟ್ಟಿದ ತಮ್ಮ ವಿನ್ಸೆಂಟ್ ಅವಳ ಹಿಂದೆ. ಹಳೆಯ ಕಾನೂನಿದ್ದರೆ ಈ ತಮ್ಮ ಅಕ್ಕನನ್ನು ದಾಟಿ ಮುಂದೆ ನಿಲ್ಲುತ್ತಿದ್ದ.

ಈಗ ನಿಮ್ಮ ಹಾಳೆಯನ್ನು ನೋಡಿ. ಹತ್ತನೆಯ ಫ್ರೆಡರಿಕರ ತಂದೆ ಹೆನ್ರಿಕ್ ಫ್ರಾನ್ಸಿನವರು. ತಂದೆಯ ಲೆಕ್ಕ ಮಾತ್ರ ಹಿಡಿದರೆ ಹಳೆಯ ವಂಶ 2024ರಲ್ಲಿ ಮುಗಿಯಿತೆನ್ನಬೇಕು. ಅಷ್ಟೇಕೆ, 1042ರಲ್ಲೇ ಮುಗಿಯಿತೆನ್ನಬೇಕು. ತಾಯಂದಿರನ್ನು ಸೇರಿಸಿ ಬರೆದರೆ ಮಾತ್ರ ಗೆರೆ ಗೋರ್ಮ್ ಮತ್ತು ಥೈರಾರಿಂದ ಇಂದಿನವರೆಗೂ ಹರಿದು ಬರುತ್ತದೆ. ಎಸ್ಟ್ರಿಡ್, ಇಂಗೆಬೋರ್ಗ್, ಒಂದನೆಯ ಮಾರ್ಗರೇಟ್, ಲೂಯಿಸಾ ಇವರೆಲ್ಲ ವಂಶವನ್ನು ಹೊತ್ತು ದಾಟಿಸಿದವರು. ಅವರು ಮಾಡಿದ ಕೆಲಸಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು ತೀರ ಈಚೆಗೆ, ಅದೂ ಸಾಮಾನ್ಯ ಮತದಾರರ ಕೈಯಿಂದ.

ಸರಪಳಿ ತಾನಾಗಿ ಬೆಳೆಯಲಿಲ್ಲ ಎಂಬುದನ್ನೂ ನೆನಪಿಡಿ. ಒಂದು ಕಾಲಕ್ಕೆ ಸರದಾರರು, ಒಮ್ಮೆ ಪಟ್ಟಣಿಗರು, ಮತ್ತೊಮ್ಮೆ ಪರರಾಷ್ಟ್ರಗಳ ರಾಯಭಾರಿಗಳು, ಕೊನೆಗೆ ಮತಪೆಟ್ಟಿಗೆಯ ಮುಂದೆ ಸಾಲುನಿಂತ ಜನ ಅದಕ್ಕೆ ಹೊಸ ಕೊಂಡಿಗಳನ್ನು ಹಾಕುತ್ತ ಬಂದರು. ಮುಂದೆ ಎಂದಾದರೂ ಬಿಡುವಿದ್ದಾಗ ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ನಿಮ್ಮದೇ ವಂಶವೃಕ್ಷವನ್ನು ಬರೆಯಿರಿ. ಅಜ್ಜಿಯ ಹೆಸರನ್ನೂ, ಆ ಅಜ್ಜಿಯ ತಾಯಿಯ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಎಷ್ಟು ತಲೆಮಾರು ಹಿಂದಕ್ಕೆ ಆ ಹೆಸರುಗಳು ಸಿಗುತ್ತವೆ ಎಂಬುದನ್ನು ನೀವೇ ನೋಡಿ.